ಗಿಡ ಒಣಗಿಸಿದರೆ ಸಾಲದು: ಹರ್ಬೇರಿಯಂಗೆ ಮಾದರಿ ಮಾಡುವುದು, ಕೊಡುವುದು, ಹಳೆಯದನ್ನು ಹುಡುಕುವುದು

ಮಳೆಗಾಲ ಶುರುವಾದರೆ ಸಾಕು, ಒಂದೇ ಪ್ರಶ್ನೆ ಮೂರು ವೇಷ ಹಾಕಿಕೊಂಡು ಬರುತ್ತದೆ. ‘ಪ್ರಾಜೆಕ್ಟ್‌ಗೆ ಗಿಡ ಗುರುತಿಸಿದ ಸರ್ಟಿಫಿಕೇಟ್ ಬೇಕಂತೆ, ಎಲ್ಲಿ ಕೊಡ್ತಾರೆ?’ ‘ತೋಟದಲ್ಲಿ ಯಾವತ್ತೂ ನೋಡದ ಗಿಡ ಎದ್ದಿದೆ, ಯಾರಿಗೆ ತೋರಿಸಲಿ?’ ‘ನೂರು ವರ್ಷದ ಹಿಂದೆ ನಮ್ಮ ತಾಲ್ಲೂಕಿನಲ್ಲಿ ಏನೇನು ಬೆಳೆಯುತ್ತಿತ್ತು ಅಂತ ತಿಳಿಯೋಕೆ ಆಗುತ್ತಾ?’ ಮೂರಕ್ಕೂ ಹರ್ಬೇರಿಯಂ ಬಾಗಿಲು ತಟ್ಟಬೇಕು. ಹೇಗೆ ಅನ್ನುವುದನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಹರ್ಬೇರಿಯಂ ಅಂದರೆ ಒಣಗಿಸಿದ ಗಿಡಗಳ ಭಂಡಾರ. ಗಿಡವನ್ನು ಒತ್ತಿ, ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿರುತ್ತಾರೆ. ಎಲ್ಲಿ, ಯಾವಾಗ, ಯಾರು ತಂದರು ಎಂಬ ಚೀಟಿ ಅದೇ ಹಾಳೆಯ ಮೇಲಿರುತ್ತದೆ. ಇಂಥ ಹಾಳೆಗಳನ್ನು ಬೀರುಗಳಲ್ಲಿ ಸಸ್ಯ ಕುಟುಂಬದ ಪ್ರಕಾರ ಜೋಡಿಸಿಡುತ್ತಾರೆ. ಅಲ್ಲಿನವರು ಅದನ್ನು ಸ್ಪೆಸಿಮನ್ ಅನ್ನುತ್ತಾರೆ, ಇಲ್ಲಿ ನಾನು ಮಾದರಿ ಅನ್ನುತ್ತೇನೆ. ಹೊಸ ಪ್ರಭೇದಕ್ಕೆ ಹೆಸರಿಡುವಾಗ ಆಧಾರವಾಗಿ ತೋರಿಸುವ ಮಾದರಿಗೆ ‘ಟೈಪ್’ ಎಂದು ಹೆಸರು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಹೆಸರು ಹೊತ್ತ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರವಿದೆ. ಅದಕ್ಕೆ ಆ ಹೆಸರು ಬಂದದ್ದು 2000ದಲ್ಲಿ. ಅದು ಯಾವ ಮರದ ಹೆಸರು ಎಂದು ನಾಳೆ ತಕರಾರು ಬಂದರೆ, ನೋಡಬೇಕಾದ್ದು ಕಾಡನ್ನಲ್ಲ, ಅದರ ಟೈಪ್ ಹಾಳೆಯನ್ನು.

‘ಮೊಬೈಲ್ ಫೋಟೋ ಸಾಲದಾ?’ ಎಂದು ಕೇಳುವವರು ಜಾಸ್ತಿ. ಸಾಲದು. ಎಲೆಯ ಅಡಿಯ ರೋಮ ಎಂಥದ್ದು, ಕಾಯಿಯೊಳಗೆ ಎಷ್ಟು ಕೋಣೆ ಅನ್ನುವುದು ಫೋಟೋದಲ್ಲಿ ಕಾಣುವುದಿಲ್ಲ. ಫೋಟೋ ಬೇಡ ಅಂತಲ್ಲ, ಮಾದರಿಯ ಜೊತೆಗಿರಲಿ.

1. ಮೊದಲು ಯಾರಿಗೆ ಕೊಡುತ್ತೀರಿ ಎಂದು ಗೊತ್ತು ಮಾಡಿಕೊಳ್ಳಿ

ಎಲ್ಲರೂ ಮೊದಲು ಗಿಡ ಕೀಳುತ್ತಾರೆ, ಆಮೇಲೆ ವಿಳಾಸ ಹುಡುಕುತ್ತಾರೆ. ಅಷ್ಟು ಹೊತ್ತಿಗೆ ಗಿಡಕ್ಕೆ ಬೂಷ್ಟು ಬಂದಿರುತ್ತದೆ. ಮೊದಲೇ ಹರ್ಬೇರಿಯಂನ ಕ್ಯೂರೇಟರ್‌ಗೆ, ಅಂದರೆ ಸಂಗ್ರಹ ನೋಡಿಕೊಳ್ಳುವವರಿಗೆ, ನಾಲ್ಕು ಸಾಲಿನ ಇಮೇಲ್ ಹಾಕಿ. ಯಾವ ಊರಿನ ಗಿಡ, ಎಷ್ಟು ಮಾದರಿ, ಯಾಕೆ ಎಂದು ತಿಳಿಸಿ. ಹಾಳೆಯ ಅಳತೆ, ಶುಲ್ಕ, ಬರಬೇಕಾದ ದಿನ ಒಂದೊಂದು ಕಡೆ ಒಂದೊಂದು ಥರ. ಅವರ ಹತ್ತಿರವೇ ಕೇಳಿ.

ಹರ್ಬೇರಿಯಂಗಳಿಗೆ ಜಗತ್ತಿನಾದ್ಯಂತ ಚಿಕ್ಕ ಸಂಕೇತಾಕ್ಷರಗಳಿವೆ. ನ್ಯೂಯಾರ್ಕ್ ಬೊಟಾನಿಕಲ್ ಗಾರ್ಡನ್ ನಡೆಸುವ ‘ಇಂಡೆಕ್ಸ್ ಹರ್ಬೇರಿಯೋರಮ್’ ಎಂಬ ಪಟ್ಟಿಯಲ್ಲಿ ಯಾವ ಅಕ್ಷರ ಯಾರದ್ದು ಎಂದು ನೋಡಬಹುದು. ನಮಗೆ ಪದೇಪದೇ ಬೇಕಾಗುವವು ಇವು.

ಜೆಸಿಬಿ ಇರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿ. ಫಾದರ್ ಸೆಸಿಲ್ ಸಲ್ಡಾನಾ ಮತ್ತು ಅವರ ತಂಡ ಹಾಸನ ಜಿಲ್ಲೆಯನ್ನು ಜಾಲಾಡಿ ತಂದ ಮಾದರಿಗಳು ಇಲ್ಲಿವೆ. ಆ ಕೆಲಸದಿಂದಲೇ 1976ರಲ್ಲಿ ಹಾಸನದ ಸಸ್ಯಗಳ ಗ್ರಂಥ ಬಂತು. ಎಫ್‌ಆರ್‌ಎಲ್‌ಎಚ್ ಯಲಹಂಕದ ಹತ್ತಿರ ಇದೆ, ಔಷಧಿ ಗಿಡಗಳಿಗೆ ಹೆಸರುವಾಸಿ. ಆರ್‌ಆರ್‌ಸಿಬಿಐ ಬೆಂಗಳೂರಿನ ಸರ್ಕಾರಿ ಆಯುರ್ವೇದ ಸಂಶೋಧನಾ ಸಂಸ್ಥೆಯದ್ದು. ಫಾರ್ಮಸಿ, ಆಯುರ್ವೇದ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಈ ಅಕ್ಷರಗಳನ್ನು ನೀವು ನೋಡಿರುತ್ತೀರಿ. ಹೊರರಾಜ್ಯದಲ್ಲಿ ಎಂಎಚ್ ಅಂದರೆ ಕೊಯಮತ್ತೂರಿನ ಮದ್ರಾಸ್ ಹರ್ಬೇರಿಯಂ. ಬಿಎಸ್ಐ ಸಸ್ಯ ಸರ್ವೇಕ್ಷಣ ಇಲಾಖೆಯ ಪುಣೆ ಕೇಂದ್ರದ್ದು, ಬ್ಲಾಟ್ ಮುಂಬೈ ಸೇಂಟ್ ಝೇವಿಯರ್ಸ್ ಕಾಲೇಜಿನದ್ದು, ಕ್ಯಾಲ್ ಹೌರಾದ ಕೇಂದ್ರ ರಾಷ್ಟ್ರೀಯ ಹರ್ಬೇರಿಯಂ. ಅಣಬೆ, ಬೂಷ್ಟು, ಎಲೆರೋಗಗಳ ಸಂಗ್ರಹಕ್ಕೆ ಪುಣೆಯ ಅಘಾರ್ಕರ್ ಸಂಸ್ಥೆಯ ಎಎಂಎಚ್ ಮತ್ತು ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯ ಎಚ್‌ಸಿಐಒ. ಎಚ್‌ಸಿಐಒ ಮೊದಲು ಬಿಹಾರದ ಪೂಸಾದಲ್ಲಿತ್ತು. 1934ರ ಭೂಕಂಪದಲ್ಲಿ ಅಲ್ಲಿನ ಕಟ್ಟಡ ಹಾಳಾದ ಮೇಲೆ ಇಡೀ ಸಂಸ್ಥೆಯೇ ದೆಹಲಿಗೆ ಬಂತು.

ನಿಮ್ಮ ಹತ್ತಿರದ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗವನ್ನೂ ಮರೆಯಬೇಡಿ. ಮೊದಲ ಬಾರಿಗೆ ಮಾಡುವವರು ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ತಪ್ಪಿದರೆ ಎದುರಿಗೆ ಕೂತು ತಿದ್ದುತ್ತಾರೆ.

2. ಅನುಮತಿ

ನಿಮ್ಮದೇ ಹೊಲದ ಬದು, ಮನೆಯ ಬೇಲಿಯಲ್ಲಿರುವ ಮಾಮೂಲಿ ಗಿಡಕ್ಕೆ ಯಾರೂ ಏನೂ ಅನ್ನುವುದಿಲ್ಲ. ಅರಣ್ಯ ಇಲಾಖೆಯ ಜಾಗ ಅಂದರೆ ಲಿಖಿತ ಅನುಮತಿ ಬೇಕು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದಲ್ಲಿ 1972ರ ವನ್ಯಜೀವಿ ಕಾಯ್ದೆ ಅನ್ವಯಿಸುತ್ತದೆ. ‘ಬಿದ್ದ ಹೂ ಎತ್ತಿಕೊಂಡೆ ಅಷ್ಟೇ’ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಆ ಕಾಯ್ದೆಯ ಪಟ್ಟಿಯಲ್ಲಿ ಕೆಲವು ಗಿಡಗಳೂ ಇವೆ, ಅವುಗಳನ್ನು ಮುಟ್ಟುವ ಮೊದಲು ಕೇಳಿ. ದೇವರಕಾಡಿಗೆ ಹೋಗುವುದಾದರೆ ಊರಿನ ಹಿರಿಯರಿಗೆ ಹೇಳಿಯೇ ಕಾಲಿಡಿ.

ರಜೆಗೆ ಊರಿಗೆ ಬರುವ ಹೊರದೇಶದ ಕನ್ನಡಿಗರಿಗೆ ಒಂದು ಎಚ್ಚರಿಕೆ. ಒಣಗಿಸಿದ ಗಿಡವನ್ನು ಸೂಟ್‌ಕೇಸಿನಲ್ಲಿಟ್ಟು ಒಯ್ಯಬೇಡಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ, ವಿದೇಶಿ ಪೌರತ್ವ ಇರುವವರು ಇಲ್ಲಿನ ಜೈವಿಕ ಸಂಪತ್ತನ್ನು ಸಂಶೋಧನೆಗೆ ಪಡೆಯಲು ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕು. ನೀವಿರುವ ದೇಶದ ಸಸ್ಯ ತಪಾಸಣೆಯ ನಿಯಮ ಬೇರೆ.

3. ಚೀಲದಲ್ಲಿ ಇರಬೇಕಾದ್ದು

ಗಿಡ ಒತ್ತುವ ಪ್ರೆಸ್ ಅಂದರೆ ಎರಡು ಮರದ ಚೌಕಟ್ಟು, ನಡುವೆ ರಟ್ಟು ಮತ್ತು ಪೇಪರು, ಸುತ್ತ ಬಿಗಿಯಲು ಎರಡು ಬೆಲ್ಟು. ಸುಮಾರು 45 ಸೆಂಟಿಮೀಟರ್ ಉದ್ದ, 30 ಅಗಲ ಇದ್ದರೆ ಸಾಕು. ಬಡಗಿಯ ಹತ್ತಿರ ರೀಪರ್ ಪಟ್ಟಿಯಲ್ಲಿ ಮಾಡಿಸಬಹುದು. ಹಳೆಯ ದಿನಪತ್ರಿಕೆ ಜಾಸ್ತಿ ಇಟ್ಟುಕೊಳ್ಳಿ. ಮಿರುಗುವ ಮ್ಯಾಗಜಿನ್ ಕಾಗದ ಬೇಡ, ಅದು ನೀರು ಹೀರುವುದಿಲ್ಲ. ಗಿಡ ಕತ್ತರಿಸುವ ಕತ್ತರಿ, ಗೆಡ್ಡೆ ಅಗೆಯಲು ಸಣ್ಣ ಗುದ್ದಲಿ, ದೊಡ್ಡ ಪ್ಲಾಸ್ಟಿಕ್ ಕವರ್, ದಾರ ಕಟ್ಟಿದ ಚೀಟಿಗಳು, ನೋಟ್‌ಬುಕ್, ಪೆನ್ಸಿಲ್. ಪೆನ್ಸಿಲ್ಲೇ ಯಾಕೆ ಅಂದರೆ ಮಳೆಯಲ್ಲಿ ಪೆನ್ನಿನ ಶಾಯಿ ಹರಡಿಹೋಗುತ್ತದೆ.

4. ಏನನ್ನು ತೆಗೆದುಕೊಳ್ಳಬೇಕು

ಹೂ ಅಥವಾ ಕಾಯಿ ಇಲ್ಲದ ಟೊಂಗೆ ತಂದರೆ ಬಹಳ ಸಲ ಗುರುತಿಸಲು ಆಗುವುದಿಲ್ಲ. ಎರಡೂ ಇದ್ದರೆ ಇನ್ನೂ ಒಳ್ಳೆಯದು. ಸಣ್ಣ ಗಿಡ, ಹುಲ್ಲು, ಜೇಕು ಆದರೆ ಬೇರು ಸಮೇತ ಬೇಕು. ಉದ್ದ ಜಾಸ್ತಿಯಾದರೆ ಕತ್ತರಿಸಬೇಡಿ, ಇಂಗ್ಲಿಷಿನ ‘ವಿ’ ಅಥವಾ ‘ಎನ್’ ಆಕಾರಕ್ಕೆ ಮಡಚಿ. ಮರವಾದರೆ ಎಲೆ ಹೂಗಳಿರುವ ಒಂದಡಿ ಟೊಂಗೆ ಸಾಕು. ತೊಗಟೆಯ ಬಣ್ಣ, ಕೆತ್ತಿದರೆ ಹಾಲು ಬರುತ್ತದೋ ಅಂಟು ಬರುತ್ತದೋ ಎಂಬುದನ್ನು ಬರೆದುಕೊಳ್ಳಿ. ಜರೀಗಿಡದ ಎಲೆಯ ಅಡಿಯಲ್ಲಿ ಕಂದು ಚುಕ್ಕೆಗಳಿವೆಯೇ ನೋಡಿ. ಅವು ಬೀಜಕಗಳ ಗುಂಪು, ಅಂದರೆ ಬೀಜದ ಬದಲಿಗೆ ಸಂತತಿ ಬೆಳೆಸುವ ಪುಡಿ ಅಲ್ಲಿರುತ್ತದೆ. ಚುಕ್ಕೆ ಇಲ್ಲದ ಜರೀಗಿಡವನ್ನು ಬಿಟ್ಟುಬಿಡಿ. ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ ಮರದಲ್ಲಿದ್ದರೆ ಎರಡನ್ನೂ ತನ್ನಿ, ಬೇರೆ ಬೇರೆ ನಂಬರ್ ಕೊಡಿ.

ಒಂದೇ ಗಿಡದ ಮೂರ್ನಾಲ್ಕು ಪ್ರತಿ ಮಾಡುವುದು ರೂಢಿ. ಒಂದು ಇಲ್ಲಿ, ಒಂದು ಇನ್ನೊಂದು ಹರ್ಬೇರಿಯಂಗೆ. ಬೆಂಕಿಯೋ ನೀರೋ ಬಿದ್ದರೆ ಒಂದು ಕಡೆಯಾದರೂ ಉಳಿಯಲಿ ಅಂತ. ಆದರೆ ಒಂದು ಜಾಗದಲ್ಲಿ ಇಪ್ಪತ್ತಕ್ಕಿಂತ ಕಡಿಮೆ ಗಿಡ ಕಂಡರೆ ಬೇರು ಕೀಳಲೇಬೇಡಿ. ಫೋಟೋ ತೆಗೆದು, ಜಾಗ ಬರೆದುಕೊಂಡು ಬನ್ನಿ.

5. ಲೇಬಲ್: ಅರ್ಧ ಕೆಲಸ ಇಲ್ಲೇ ಇದೆ

ಗಿಡ ಸ್ವಲ್ಪ ಸುಕ್ಕಾದರೂ ನಡೆಯುತ್ತದೆ. ಲೇಬಲ್ ಸರಿಯಿಲ್ಲದ ಮಾದರಿ ಮಾತ್ರ ಬರೀ ಒಣಸೊಪ್ಪು. ನಾನು ಜಾಸ್ತಿ ಒತ್ತು ಕೊಡುವುದು ಇದಕ್ಕೇ, ವಿದ್ಯಾರ್ಥಿಗಳು ಜಾಸ್ತಿ ಉದಾಸೀನ ಮಾಡುವುದೂ ಇದನ್ನೇ.

ಗೌರಿಹೂವನ್ನೇ ತೆಗೆದುಕೊಳ್ಳಿ, ಅಗ್ನಿಶಿಖೆ ಅಂತಲೂ ಕರೆಯುತ್ತಾರೆ. ಸಾಮಾನ್ಯವಾಗಿ ಬರುವ ಲೇಬಲ್ ಹೀಗಿರುತ್ತದೆ: ‘ಗ್ಲೋರಿಯೋಸಾ ಸುಪರ್ಬಾ. ಶಿವಮೊಗ್ಗ. ಕೆಂಪು ಹೂ. ಆಗಸ್ಟ್.’ ಇದರಿಂದ ಯಾರಿಗೂ ಏನೂ ಉಪಯೋಗವಿಲ್ಲ. ಶಿವಮೊಗ್ಗದಲ್ಲಿ ಎಲ್ಲಿ? ಯಾವ ವರ್ಷ? ಇರಬೇಕಾದ್ದು ಹೀಗೆ: ‘ಸಾಗರ ತಾಲ್ಲೂಕು, ಇಂಥ ಹೋಬಳಿ, ಇಂಥ ಊರಿನ ಕೆರೆಯ ಏರಿಯಿಂದ ಪೂರ್ವಕ್ಕೆ ಇಷ್ಟು ದೂರ. ಅಕ್ಷಾಂಶ, ರೇಖಾಂಶ, ಎತ್ತರ. ಲಂಟಾನ ಬೇಲಿಯ ಮೇಲೆ ಹಬ್ಬಿದ ಬಳ್ಳಿ. ಎಲೆಯ ತುದಿಯೇ ಸುರುಳಿಯಾಗಿ ಆಸರೆ ಹಿಡಿದಿದೆ. ಹೂದಳ ಅರಳುವಾಗ ಹಸಿರು ಹಳದಿ, ಹಳೆಯದಾದಂತೆ ಕೆಂಪು, ಅಂಚು ಅಲೆ ಅಲೆ. ಸುಮಾರು ಮೂವತ್ತು ಬಳ್ಳಿ ಕಂಡವು. ಸ್ಥಳೀಯ ಹೆಸರು ಗೌರಿಹೂ. ಗೆಡ್ಡೆ ವಿಷ ಎಂದು ಊರಿನವರು ಹೇಳಿದರು.’ ಕೆಳಗೆ ಪೂರ್ತಿ ತಾರೀಖು, ಸಂಗ್ರಹಿಸಿದವರ ಹೆಸರು, ಸಂಗ್ರಹ ಸಂಖ್ಯೆ.

ಅಷ್ಟುದ್ದದ ವಿವರಣೆ ಯಾಕೆ? ಒಣಗಿದ ಮೇಲೆ ಬಣ್ಣ ಹೋಗುತ್ತದೆ, ವಾಸನೆ ಹೋಗುತ್ತದೆ, ಗಿಡ ಎಷ್ಟೆತ್ತರ ಇತ್ತು ಎಂಬುದು ಗೊತ್ತಾಗುವುದಿಲ್ಲ. ಹಾಳೆಯಲ್ಲಿ ಉಳಿಯದ್ದನ್ನೆಲ್ಲ ಲೇಬಲ್‌ನಲ್ಲಿ ಬರೆಯಬೇಕು. ಲೇಬಲ್ ಇಂಗ್ಲಿಷಿನಲ್ಲಿ ಇರುವುದು ವಾಡಿಕೆ, ಇರಲಿ. ಊರಿನ ಹೆಸರು, ಗಿಡದ ಹೆಸರನ್ನು ಮಾತ್ರ ಕನ್ನಡ ಲಿಪಿಯಲ್ಲೂ ಬರೆಯಿರಿ. ರೋಮನ್ ಅಕ್ಷರದಲ್ಲಿ ‘ಳ’ ಯಾವುದು, ‘ಲ’ ಯಾವುದು ಎಂದು ನೂರು ವರ್ಷದ ನಂತರದವರು ತಲೆ ಕೆರೆದುಕೊಳ್ಳುವುದು ಬೇಡ.

ಸಂಗ್ರಹ ಸಂಖ್ಯೆ ಅಂದರೆ ನಿಮ್ಮ ಸ್ವಂತ ಸರಣಿ. 1ರಿಂದ ಶುರುವಾಗಿ ಜೀವನಪೂರ್ತಿ ಮುಂದುವರಿಯಬೇಕು. ಹೊಸ ವರ್ಷ, ಹೊಸ ಪ್ರಾಜೆಕ್ಟ್ ಬಂತೆಂದು ಮತ್ತೆ 1ರಿಂದ ಎಣಿಸಬೇಡಿ. ಒಂದೇ ಗಿಡದ ಪ್ರತಿಗಳಿಗೆಲ್ಲ ಒಂದೇ ನಂಬರ್. ಗಿಡ ಕಿತ್ತ ಜಾಗದಲ್ಲೇ ಚೀಟಿ ಕಟ್ಟಿ, ನೋಟ್‌ಬುಕ್ಕಿನಲ್ಲಿ ಅದೇ ನಂಬರ್ ಹಾಕಿ. ಮನೆಗೆ ಹೋಗಿ ಬರೆಯುತ್ತೇನೆ ಅಂದುಕೊಂಡರೆ ಅದಲುಬದಲು ಗ್ಯಾರಂಟಿ.

6. ಒತ್ತುವುದು, ಒಣಗಿಸುವುದು

ಕಿತ್ತ ದಿನವೇ ಒತ್ತಿ. ಪತ್ರಿಕೆಯ ಮಡಿಕೆಯೊಳಗೆ ಗಿಡ ಹರಡಿ. ಎಲ್ಲ ಎಲೆಗಳ ಮೇಲ್ಮುಖವೇ ಕಾಣುವ ಹಾಗೆ ಇಡಬೇಡಿ, ಒಂದೆರಡನ್ನು ಮಗುಚಿ ಹಾಕಿ. ಅಡಿಯ ನರ, ರೋಮ ನೋಡಲು ಬೇಕು. ಎಲೆ ಜಾಸ್ತಿ ಇದ್ದರೆ ಕೆಲವನ್ನು ಕತ್ತರಿಸಿ, ಆದರೆ ತೊಟ್ಟು ಬಿಡಿ. ಅಲ್ಲಿ ಎಲೆ ಇತ್ತು ಎಂದು ತಿಳಿಯಲಿ. ಒಂದೆರಡು ಹೂವನ್ನು ಬಿಡಿಸಿ, ತೆಳು ಕಾಗದದ ನಡುವೆ ಬೇರೆಯಾಗಿ ಒತ್ತಿ.

ಮೊದಲ ದಿನ ಗಿಡ ತುಂಬ ನೀರು ಬಿಡುತ್ತದೆ. 24 ಗಂಟೆಗೆ ಪ್ರೆಸ್ ಬಿಚ್ಚಿ ಪೇಪರ್ ಬದಲಿಸಿ. ಎಲೆ ಆಗ ಮೆತ್ತಗಿರುತ್ತದೆ, ಮಡಿಸಿಹೋದದ್ದನ್ನು ಸರಿಮಾಡಲು ಅದೇ ಸಮಯ. ಆಮೇಲೆ ಮೂರ್ನಾಲ್ಕು ದಿನ ದಿನವೂ, ನಂತರ ದಿನ ಬಿಟ್ಟು ದಿನ ಬದಲಿಸಿ. ಬೇಸಿಗೆಯಲ್ಲಿ ವಾರ, ಹತ್ತು ದಿನಕ್ಕೆ ಒಣಗುತ್ತದೆ. ಗಿಡವನ್ನು ಕೆನ್ನೆಗೆ ಹಿಡಿದು ನೋಡಿ. ತಣ್ಣಗೆ ಅನ್ನಿಸಿದರೆ ಒಳಗೆ ಇನ್ನೂ ತೇವ ಇದೆ.

ಇಸ್ತ್ರಿ ಪೆಟ್ಟಿಗೆ ಹಾಕುವವರಿದ್ದಾರೆ. ಬೇಡ. ಹೊರಗೆ ಸುಟ್ಟು ಒಳಗೆ ಹಸಿ ಉಳಿಯುತ್ತದೆ.

ಗೆಡ್ಡೆ, ಸೀತಾಳೆ ಗಿಡ, ದಪ್ಪ ರಸದ ಎಲೆಗಳದ್ದು ಬೇರೆ ಕಥೆ. ಪ್ರೆಸ್ಸಿನೊಳಗೂ ಇವು ಸಾಯುವುದಿಲ್ಲ, ಚಿಗುರುತ್ತಲೇ ಇರುತ್ತವೆ. ಹೂ ಬಿಟ್ಟು ಉಳಿದ ಭಾಗವನ್ನು ಕುದಿಯುವ ನೀರಿನಲ್ಲಿ ಕೆಲವು ಸೆಕೆಂಡ್ ಅದ್ದಿ ಆಮೇಲೆ ಒತ್ತಿ. ಗೆಡ್ಡೆಯನ್ನು ಉದ್ದಕ್ಕೆ ಸೀಳಿ. ನೀರಿನ ಗಿಡಗಳಿಗೆ ಒಂದು ಉಪಾಯವಿದೆ. ತಟ್ಟೆಯ ನೀರಿನಲ್ಲಿ ತೇಲಿಸಿ, ಅಡಿಯಿಂದ ದಪ್ಪ ಕಾಗದ ತೂರಿಸಿ, ನಿಧಾನ ಮೇಲೆತ್ತಿ.

ಆಗುಂಬೆಯಂಥ ಕಡೆ ಜುಲೈ ತಿಂಗಳಲ್ಲಿ ಇದ್ಯಾವುದೂ ನಡೆಯುವುದಿಲ್ಲ. ಪೇಪರ್ರೇ ಒದ್ದೆಯಾಗಿರುತ್ತದೆ. ಆಗ ಸ್ಪಿರಿಟ್ ವಿಧಾನವೇ ಗತಿ. ಗಿಡ ಇಟ್ಟ ಪತ್ರಿಕೆಗಳನ್ನು ಕಟ್ಟು ಕಟ್ಟಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಶೇಕಡಾ 60ರಿಂದ 70ರಷ್ಟು ಆಲ್ಕೋಹಾಲ್ ಇರುವ ಸ್ಪಿರಿಟ್ಟನ್ನು ಪತ್ರಿಕೆ ನೆನೆಯುವಷ್ಟು ಹಾಕಿ, ಗಾಳಿಯಾಡದಂತೆ ಮುಚ್ಚಿ. ವಾರಗಟ್ಟಲೆ ಕೆಡುವುದಿಲ್ಲ. ಒಣ ಊರಿಗೆ ಬಂದ ಮೇಲೆ ಬಿಚ್ಚಿ ಒಣಗಿಸಿ. ಎರಡು ತೊಂದರೆ ಇವೆ. ಗಿಡ ಕಂದಾಗುತ್ತದೆ, ಡಿಎನ್ಎ ಕೆಲಸಕ್ಕೆ ಬಾರದಂತಾಗುತ್ತದೆ. ಅದಕ್ಕೇ ಮೊದಲು ಒಂದೆರಡು ಹಸಿ ಎಲೆಯನ್ನು ಚೂರು ಮಾಡಿ ಸಿಲಿಕಾ ಜೆಲ್ ಡಬ್ಬಿಗೆ ಹಾಕಿಡಿ. ಇದು ತೇವ ಹೀರುವ ಹರಳು, ಹೊಸ ಬ್ಯಾಗು ಚಪ್ಪಲಿಯ ಜೊತೆ ಪುಟ್ಟ ಪೊಟ್ಟಣದಲ್ಲಿ ಬರುತ್ತಲ್ಲ, ಅದೇ. ಸ್ಪಿರಿಟ್ ಹತ್ತಿರ ಒಲೆ, ದೀಪ ಇರಕೂಡದು.

7. ಅಣಬೆಯನ್ನು ಒತ್ತಬೇಡಿ

ಅಣಬೆಯನ್ನು ಪ್ರೆಸ್ಸಿಗೆ ಹಾಕಿದರೆ ಚಟ್ನಿಯಾಗುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ತಂದರೂ ಸಂಜೆಗೆ ಕೊಳೆಯುತ್ತದೆ, ಕಾಗದದ ಪೊಟ್ಟಣ ಅಥವಾ ಬುಟ್ಟಿ ಬಳಸಿ. ಬುಡ ಮುರಿಯದೆ ಅಗೆದು ತೆಗೆಯಿರಿ. ಎಷ್ಟೋ ಜಾತಿಗಳ ಗುರುತು ಬುಡದಲ್ಲೇ ಇರುತ್ತದೆ. ಹುತ್ತದ ಅಣಬೆಗೆ ಬೇರಿನಂಥ ಉದ್ದ ಕಾಲು ಮಣ್ಣಿನೊಳಗೆ ಹೋಗಿರುತ್ತದೆ, ಅದೂ ಬೇಕು.

ಹಸಿಯಿದ್ದಾಗಲೇ ಬರೆಯಬೇಕಾದ್ದು ಜಾಸ್ತಿ. ಟೊಪ್ಪಿಗೆಯ ಬಣ್ಣ, ಅಂಟುಂಟೋ ಇಲ್ಲವೋ, ವಾಸನೆ, ಕತ್ತರಿಸಿದಾಗ ಬಣ್ಣ ಬದಲಾಗುತ್ತದೆಯೇ, ಹಾಲು ಬರುತ್ತದೆಯೇ, ಬೆಳೆದದ್ದು ಮಣ್ಣಿನ ಮೇಲೋ ಸತ್ತ ಮರದ ಮೇಲೋ ಸಗಣಿಯ ಮೇಲೋ, ಯಾವ ಮರದ ಹತ್ತಿರ. ಒಣಗಿದರೆ ಇದರಲ್ಲಿ ಒಂದೂ ತಿಳಿಯುವುದಿಲ್ಲ.

ಬೀಜಕದ ಅಚ್ಚು ತೆಗೆಯುವುದು ಸುಲಭ. ಟೊಪ್ಪಿಗೆಯನ್ನು ಕಾಲಿನಿಂದ ಬೇರ್ಪಡಿಸಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಅಡಿಮುಖವಾಗಿಟ್ಟು, ಬಟ್ಟಲು ಮುಚ್ಚಿ. ಬೆಳಗಾಗುವಷ್ಟರಲ್ಲಿ ಪುಡಿ ಉದುರಿರುತ್ತದೆ. ಬಿಳಿ ಪುಡಿ ಕಪ್ಪಿನ ಮೇಲೆ, ಕಂದು ಕಪ್ಪು ಪುಡಿ ಬಿಳಿಯ ಮೇಲೆ ಕಾಣುತ್ತದೆ. ಆ ಕಾಗದವನ್ನೂ ಮಾದರಿಯ ಜೊತೆ ಇಡಿ.

ನಂತರ 40ರಿಂದ 50 ಡಿಗ್ರಿಯ ಬಿಸಿಗಾಳಿಯಲ್ಲಿ, ಮುರಿದರೆ ಪಟ್ಟನೆ ಮುರಿಯುವಷ್ಟು ಒಣಗಿಸಿ, ಸಿಲಿಕಾ ಹಾಕಿ ಜಿಪ್ ಕವರಿನಲ್ಲಿ ಮುಚ್ಚಿ. ಹಣ್ಣು ಒಣಗಿಸುವ ಡಿಹೈಡ್ರೇಟರ್ ಆಗುತ್ತದೆ. ತಿನ್ನಲು ಆಗುತ್ತದೆಯೇ ಎಂದು ಮಾತ್ರ ಹರ್ಬೇರಿಯಂನವರನ್ನು ಕೇಳಬೇಡಿ, ಒಳ್ಳೆಯ ತಜ್ಞರು ಹೇಳುವುದಿಲ್ಲ.

ಎಲೆಯ ಮೇಲಿನ ರೋಗವಾದರೆ ಗಿಡದ ಹಾಗೆಯೇ ಒತ್ತಿ. ಕಾಫಿ ಎಲೆಯ ತುಕ್ಕುರೋಗ ಇದಕ್ಕೆ ಒಳ್ಳೆಯ ಉದಾಹರಣೆ. ಎಲೆಯಡಿಯ ಕಿತ್ತಳೆ ಪುಡಿಯೇ ನಿಮ್ಮ ಮಾದರಿ, ಅದನ್ನು ಒರೆಸಿ ಶುಚಿ ಮಾಡಬೇಡಿ.

8. ಅಂಟಿಸುವುದು ಮತ್ತು ಹುಳ

ನಮ್ಮಲ್ಲಿ ಹಾಳೆಯ ಅಳತೆ ಸಾಮಾನ್ಯವಾಗಿ 42 x 28 ಸೆಂಟಿಮೀಟರ್. ಲೇಬಲ್ ಬಲಗಡೆ ಕೆಳಮೂಲೆಯಲ್ಲಿ. ನೀರಿನಲ್ಲಿ ಕರಗುವ ಬಿಳಿ ಅಂಟು, ದಪ್ಪ ಕಾಂಡಕ್ಕೆ ಸೂಜಿದಾರದ ಹೊಲಿಗೆ. ಸೆಲ್ಲೋಟೇಪ್ ಖಂಡಿತ ಬೇಡ, ಹಳದಿಯಾಗಿ ಬಿಟ್ಟುಕೊಳ್ಳುತ್ತದೆ. ಉದುರಿದ ಹೂ ಬೀಜಗಳನ್ನು ಕಾಗದದ ಪುಟ್ಟ ಲಕೋಟೆಗೆ ಹಾಕಿ ಹಾಳೆಗೇ ಅಂಟಿಸಿ. ಅಂಟಿಸಲು ಬಾರದಿದ್ದರೆ ಸುಮ್ನೆ ಪತ್ರಿಕೆಯಲ್ಲೇ ಕೊಡಿ, ಅವರೇ ಅಂಟಿಸಿಕೊಳ್ಳುವುದಿದೆ.

ಒಣ ಗಿಡಕ್ಕೆ ದೊಡ್ಡ ಶತ್ರು ಸಿಗರೇಟ್ ಬೀಟಲ್ ಎಂಬ ಕಂದು ಹುಳ. ಅಡುಗೆಮನೆಯ ಮೆಣಸಿನಪುಡಿಗೂ ಬೀಳುವುದು ಇದೇ. ಮಾದರಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಸುತ್ತಿ ಮೈನಸ್ 20 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಒಂದು ವಾರ ಇಡಿ. ಹೊರತೆಗೆದ ಕೂಡಲೇ ಬಿಚ್ಚಬೇಡಿ. ಕೋಣೆಯ ಬಿಸಿಗೆ ಬರುವವರೆಗೆ ಕಾಯದಿದ್ದರೆ ಹಾಳೆಯ ಮೇಲೆ ನೀರು ಕೂರುತ್ತದೆ.

9. ಕೊಡುವಾಗ

ಲೇಬಲ್ ವಿವರಗಳ ಎಕ್ಸೆಲ್ ಪಟ್ಟಿ, ಅನುಮತಿ ಪತ್ರದ ಪ್ರತಿ, ಫೋಟೋಗಳನ್ನು ಜೊತೆಗೆ ಕೊಡಿ. ಅವರು ದಾಖಲೆ ಸಂಖ್ಯೆ ಹಾಕುತ್ತಾರೆ, ಅದಕ್ಕೆ ಅಕ್ಸೆಶನ್ ನಂಬರ್ ಅನ್ನುತ್ತಾರೆ. ಪ್ರಬಂಧದಲ್ಲಿ ಗಿಡದ ಹೆಸರಿನ ಜೊತೆ ನಿಮ್ಮ ಸಂಗ್ರಹ ಸಂಖ್ಯೆ, ಹರ್ಬೇರಿಯಂ ಸಂಕೇತ, ಈ ನಂಬರ್ ಮೂರೂ ಇರಬೇಕು. ಅಂಗಡಿಯಿಂದ ತಂದ ಬೇರು, ಪುಡಿಗೆ ‘ಗುರುತು ಸರ್ಟಿಫಿಕೇಟ್’ ಕೇಳಿ ಕ್ಯೂರೇಟರ್‌ಗಳನ್ನು ಇಕ್ಕಟ್ಟಿಗೆ ಸಿಲುಕಿಸಬೇಡಿ. ಲ್ಯಾಬಿನ ಪರೀಕ್ಷೆ ಮುಗಿದ ಮೇಲೆ ಗಿಡ ಹುಡುಕಿಕೊಂಡು ಹೋಗುವುದೂ ಬೇಡ. ಯಾವ ಗಿಡದ ಎಲೆಯನ್ನು ಅರೆದಿರೋ ಅದರದ್ದೇ ಟೊಂಗೆ ಹಾಳೆಯಲ್ಲಿರಬೇಕು.

10. ನಿಮ್ಮ ಊರಿನ ಹಳೆಯ ಹಾಳೆ ಎಲ್ಲಿದೆ?

ಇದಕ್ಕೆ ಸೂತ್ರ ಒಂದೇ. ಆ ಕಾಲದಲ್ಲಿ ನಿಮ್ಮ ಊರು ಯಾರ ಆಡಳಿತದಲ್ಲಿತ್ತು ನೋಡಿ, ಹಾಳೆಗಳು ಆ ದಾರಿ ಹಿಡಿದಿರುತ್ತವೆ. ಉತ್ತರ ಕನ್ನಡ, ಧಾರವಾಡ, ಬೆಳಗಾವಿ ಮುಂಬೈ ಪ್ರಾಂತ್ಯದಲ್ಲಿದ್ದವು. ಹಾಗಾಗಿ ಬ್ಲಾಟ್, ಪುಣೆ ಮೊದಲು ನೋಡಿ. ಕಾರವಾರದಲ್ಲಿದ್ದ ಅರಣ್ಯಾಧಿಕಾರಿ ಬೆಲ್, ಅವರ ಜೊತೆಗಾರ ಸೆಜ್‌ವಿಕ್ ಸಂಗ್ರಹಿಸಿದ್ದು ಬ್ಲಾಟ್‌ನಲ್ಲಿದೆ. ದಕ್ಷಿಣ ಕನ್ನಡ, ಬಳ್ಳಾರಿ ಮದ್ರಾಸ್ ಪ್ರಾಂತ್ಯದವು, ಅವಕ್ಕೆ ಕೊಯಮತ್ತೂರು. ಮಂಗಳೂರಿನವರು ಇನ್ನೂ ದೂರ ಹುಡುಕಬೇಕು. 19ನೇ ಶತಮಾನದ ನಡುವಿನಲ್ಲಿ ಬಾಸೆಲ್ ಮಿಷನ್ನಿನವರ ಮೂಲಕ ಹೋದ ಗಿಡಗಳನ್ನು ಹೋಹೆನಾಕರ್ ಎಂಬಾತ ಜರ್ಮನಿಯಲ್ಲಿ ಕೂತು ಕಟ್ಟು ಕಟ್ಟಾಗಿ ಮಾರಿದ. ಹೀಗಾಗಿ ‘ಕೆನರಾ, ಮಂಗಳೂರು’ ಎಂದು ಬರೆದ ಹಾಳೆಗಳು ಯುರೋಪಿನ ಹಲವು ಹರ್ಬೇರಿಯಂಗಳಲ್ಲಿ ಹಂಚಿಹೋಗಿವೆ. ಶಿವಮೊಗ್ಗದವರು ಎಡಿನ್‌ಬರೋ ನೋಡಬೇಕು. 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ವೈದ್ಯನಾಗಿದ್ದ ಹ್ಯೂ ಕ್ಲೆಗಾರ್ನ್ ಸ್ಥಳೀಯ ಕಲಾವಿದನಿಂದ ಬರೆಸಿದ ಗಿಡಗಳ ಚಿತ್ರಗಳು ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿವೆ. ಸುಮಾರು 70 ಲಕ್ಷ ಮಾದರಿಗಳಿರುವ ಲಂಡನ್ನಿನ ಕ್ಯೂ ಸಸ್ಯೋದ್ಯಾನ ಅಂತೂ ಎಲ್ಲರಿಗೂ ಬೇಕಾಗುತ್ತದೆ.

ಹೊರಡುವ ಮೊದಲು ಅಂತರ್ಜಾಲದಲ್ಲಿ ನೋಡಿ. ಸಸ್ಯ ಸರ್ವೇಕ್ಷಣ ಇಲಾಖೆಯ ಇಂಡಿಯನ್ ವರ್ಚುವಲ್ ಹರ್ಬೇರಿಯಂ, ಭಾರತೀಯ ವಿಜ್ಞಾನ ಸಂಸ್ಥೆಯ ಡಿಜಿಟಲ್ ಸಸ್ಯಕೋಶ, ಜಗತ್ತಿನ ದಾಖಲೆಗಳನ್ನೆಲ್ಲ ಒಟ್ಟು ಸೇರಿಸುವ ಜಿಬಿಐಎಫ್, ಕ್ಯೂ ಮತ್ತು ಎಡಿನ್‌ಬರೋ ಪಟ್ಟಿಗಳು. ಈಗಿನ ಹೆಸರು ಹಾಕಿ ‘ಏನೂ ಇಲ್ಲ’ ಎಂದು ಕೈಬಿಡಬೇಡಿ. ಕೊಡಗು ‘ಕೂರ್ಗ್’ ಆಗಿರುತ್ತದೆ, ಮಡಿಕೇರಿ ‘ಮರ್ಕಾರ’, ಉತ್ತರ ಕನ್ನಡ ‘ಎನ್. ಕೆನರಾ’. ‘ಕೆನರಾ’ದ ಮೊದಲ ಅಕ್ಷರ ಇಂಗ್ಲಿಷಿನ ಸಿ ಇರಬಹುದು, ಕೆ ಇರಬಹುದು, ಎರಡನ್ನೂ ಹಾಕಿ. ಉಡುಪಿ, ಚಾಮರಾಜನಗರ ಜಿಲ್ಲೆಗಳಾದದ್ದು 1997ರಲ್ಲಿ, ವಿಜಯನಗರ 2021ರಲ್ಲಿ. ಅದಕ್ಕೂ ಹಿಂದಿನದಕ್ಕೆ ಹಳೆಯ ಜಿಲ್ಲೆಯ ಹೆಸರೇ ಗತಿ. ಗಿಡದ ವೈಜ್ಞಾನಿಕ ಹೆಸರೂ ಬದಲಾಗಿರಬಹುದು. ಕ್ಯೂನವರ ‘ಪ್ಲಾಂಟ್ಸ್ ಆಫ್ ದ ವರ್ಲ್ಡ್ ಆನ್‌ಲೈನ್’ನಲ್ಲಿ ಹಳೆಯ ಹೆಸರುಗಳ ಪಟ್ಟಿ ಸಿಗುತ್ತದೆ, ಅವನ್ನೂ ಒಂದೊಂದಾಗಿ ಹಾಕಿ ನೋಡಿ. ಪರದೆಯ ಮೇಲೆ ಸಿಗದ್ದು ಬೀರುವಿನಲ್ಲಿ ಇಲ್ಲ ಎಂದರ್ಥವಲ್ಲ, ಇನ್ನೂ ಸ್ಕ್ಯಾನ್ ಆಗದ ಹಾಳೆಗಳಿವೆ.

ಒಳಗೆ ಬಿಟ್ಟಾಗ ಹಾಳೆಯನ್ನು ಪುಸ್ತಕದ ಹಾಗೆ ಮಗುಚಬೇಡಿ. ಎರಡೂ ಕೈಯಲ್ಲಿ, ಮೇಲ್ಮುಖವಾಗಿಯೇ ಎತ್ತಿ ಪಕ್ಕಕ್ಕಿಡಿ. ತಿಂಡಿ, ನೀರಿನ ಬಾಟಲಿ, ಪೆನ್ನು ಹೊರಗಿರಲಿ. ಹೆಸರು ತಪ್ಪಾಗಿದೆ ಅನ್ನಿಸಿದರೆ ಹಳೆಯ ಲೇಬಲ್ ತಿದ್ದಕೂಡದು. ಹೊಸ ಹೆಸರು, ನಿಮ್ಮ ಹೆಸರು, ತಾರೀಖು ಬರೆದ ಚಿಕ್ಕ ಚೀಟಿಯನ್ನು ಕ್ಯೂರೇಟರ್ ಕೈಗೆ ಕೊಡಿ. ಹಿಂದೆ ಹುಳ ಬಾರದಿರಲಿ ಎಂದು ಮರ್ಕ್ಯುರಿಕ್ ಕ್ಲೋರೈಡ್ ಎಂಬ ಪಾದರಸದ ವಿಷ ಸವರುತ್ತಿದ್ದರು. ಹಳೆಯ ಹಾಳೆಗಳಲ್ಲಿ ಅದು ಇನ್ನೂ ಇರುತ್ತದೆ. ಕೈಗವಸು ಹಾಕಿಕೊಳ್ಳಿ, ಬೆರಳನ್ನು ನಾಲಿಗೆಗೆ ತಾಗಿಸಿ ಕಾಗದ ತಿರುವುವ ಅಭ್ಯಾಸ ಬಿಡಿ, ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಯಿರಿ.